ಗೋಸಂಪಿಗೆ ನೆಡುವವರಿಗೆ: ಯಾವ ಬಗೆ, ಗೆಲ್ಲೋ ಕಸಿಯೋ, ನೆಲವೋ ಚಟ್ಟಿಯೋ?

ನರ್ಸರಿಯವರು ಪ್ಲುಮೇರಿಯಾ ಎನ್ನುವ ಗಿಡ ನಮಗೆ ಹೊಸತಲ್ಲ. ಗೋಸಂಪಿಗೆ, ದೇವಕಣಗಿಲೆ, ಕಾಡುಸಂಪಿಗೆ ಎಂದೆಲ್ಲ ಕರೆಯುತ್ತಾ ಬಂದಿದ್ದೇವೆ. ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ, ಬದಿಯಡ್ಕ ಕಡೆಯ ಹಳೆಯ ದೇವಸ್ಥಾನಗಳ ಅಂಗಳದಲ್ಲಿ ಇದನ್ನು ನೋಡದೆ ಬೆಳೆದವರು ಕಡಿಮೆ. ಹೊಸತಾಗಿ ಬಂದದ್ದು ಬಣ್ಣಗಳು. ಕಡುಗೆಂಪು, ಕಿತ್ತಳೆ, ಗುಲಾಬಿ, ಅಂಚಿಗೊಂದು ಬಣ್ಣ, ನಡುವೆ ಇನ್ನೊಂದು. ಮೊಬೈಲಿನಲ್ಲಿ ಫೋಟೋ ನೋಡಿ ತರಿಸಿದ ಗಿಡ ಬೇಸಗೆಯಲ್ಲಿ ಚೆನ್ನಾಗಿಯೇ ಇರುತ್ತದೆ. ಜುಲೈ ದಾಟುವಷ್ಟರಲ್ಲಿ ಬುಡ ಮೆತ್ತಗಾಗಿ ಕಪ್ಪಾಗುತ್ತದೆ. "ಅಕ್ಕ, ದಿನಾ ನೀರು ಹಾಕಿದ್ದೆ, ಆದ್ರೂ ಹೋಯ್ತಲ್ಲಾ" ಎಂದು ನನ್ನಲ್ಲಿ ಹೇಳಿದವರು ಎಷ್ಟೋ ಮಂದಿ. ಹೋದದ್ದು ಆ ನೀರಿನಿಂದಲೇ.

ಈ ಗಿಡದ ಮೂಲ ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳು. ತಿಂಗಳುಗಟ್ಟಲೆ ಮಳೆಯೇ ಇಲ್ಲದ ಒಣ ಕಾಲವನ್ನು ದಾಟಿ ಬದುಕುವ ಜಾತಿ ಅದು. ಅದರ ದಪ್ಪ ಗೆಲ್ಲಿನೊಳಗೇ (ಕೊಂಬೆಯೊಳಗೇ) ನೀರಿನ ದಾಸ್ತಾನು ಇರುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಹಾಗಾಗಿ ಕಾಸರಗೋಡಿನಲ್ಲಿ ಗೋಸಂಪಿಗೆ ನೆಡುವವರು ಯಾವ ಆಯ್ಕೆಯ ಎದುರು ನಿಂತರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಇದು ಉಳಿಯುತ್ತದಾ? ಬಣ್ಣ, ಪರಿಮಳ, ಬೆಲೆ ಎಲ್ಲ ಆಮೇಲೆ.

ಯಾವ ಬಗೆ?

ನಮ್ಮ ಕಡೆ ಸಿಗುವುದನ್ನು ನಾಲ್ಕು ಗುಂಪು ಮಾಡಬಹುದು.

ಮೊದಲನೆಯದು ಊರಿನ ಹಳೆಯ ಮರ. ಬಿಳಿ ಎಸಳು, ನಡುವೆ ಹಳದಿ. ಪುಸ್ತಕದಲ್ಲಿ ಇದು ಪ್ಲುಮೇರಿಯಾ ರುಬ್ರಾ ಜಾತಿಗೆ ಸೇರುತ್ತದೆ. ರುಬ್ರಾ ಎಂದರೆ ಕೆಂಪು ಎಂದು ಅರ್ಥವಾದರೂ ಬಿಳಿ, ಹಳದಿ, ಗುಲಾಬಿ ಎಲ್ಲ ಇದೇ ಜಾತಿಯೊಳಗೆ ಬರುತ್ತವೆ. ಎಲೆ ಉದ್ದ, ತುದಿ ಚೂಪು. ಎಲೆಯ ಅಂಚಿನ ಉದ್ದಕ್ಕೂ ಒಂದು ನರ ಓಡುವುದು ಕಾಣುತ್ತದೆ. ಚಳಿಗಾಲ ಬಂತೆಂದರೆ ಎಲೆ ಪೂರ್ತಿ ಉದುರಿ ಬರೀ ಗೆಲ್ಲುಗಳು ನಿಲ್ಲುತ್ತವೆ. ಗಿಡ ಸತ್ತಿತೆಂದು ಹೆದರಿ ನೀರು ಸುರಿಯುವುದು ಆಗಲೇ. ಅದು ನಿದ್ದೆ ಅಷ್ಟೆ. ಸುಮಾರು ಮಾರ್ಚ್ ಹೊತ್ತಿಗೆ ಬೋಳು ಗೆಲ್ಲಿನ ತುದಿಯಲ್ಲಿ ಹೂವಿನ ಗೊಂಚಲು ಬರುತ್ತದೆ, ಎಲೆ ಅದರ ಹಿಂದಿನಿಂದ. ಪರಿಮಳದಲ್ಲಿ ಇದನ್ನು ಮೀರಿಸುವುದು ಕಷ್ಟ. ರಾತ್ರಿ ಹೊತ್ತು ಪರಿಮಳ ಜಾಸ್ತಿ. ಹೂವಿನೊಳಗೆ ಜೇನು ಇಲ್ಲ. ಇದೆ ಎಂದುಕೊಂಡು ಬರುವ ರಾತ್ರಿಯ ದೊಡ್ಡ ಪತಂಗಗಳೇ ಪರಾಗ ಸಾಗಿಸುತ್ತವೆ.

ಈ ಹಳೆಯ ಮರದ ದೊಡ್ಡ ಗುಣ, ಅದು ನಮ್ಮ ಮಳೆಯನ್ನು ನೋಡಿದೆ. ನಿಮ್ಮ ಊರಿನ ದೇವಸ್ಥಾನದಲ್ಲೋ ನೆರೆಮನೆಯಲ್ಲೋ ವರ್ಷಗಳಿಂದ ನಿಂತ ಮರದ ಗೆಲ್ಲು ಸಿಕ್ಕರೆ, ಅಷ್ಟು ಮಳೆಗಾಲ ದಾಟಿದ ಗಿಡವೇ ನಿಮ್ಮ ಕೈಗೆ ಬಂದಂತೆ. ಕೊರತೆ ಇಲ್ಲವೆಂದಲ್ಲ. 20 ಅಡಿ ದಾಟಿ ಬೆಳೆಯಬಹುದು, ಅಗಲಕ್ಕೂ ಹರಡುತ್ತದೆ. ಎಲೆ ಉದುರುವ ಕಾಲದಲ್ಲಿ ಅಂಗಳ ಗುಡಿಸಿ ಸುಸ್ತಾಗುತ್ತದೆ. ಎಲೆಗೆ ತುಕ್ಕುರೋಗ ಬರುವುದೂ ಇದರಲ್ಲೇ ಹೆಚ್ಚು.

ಎರಡನೆಯದು ಥಾಯ್ಲೆಂಡಿನ ಕಸಿ ಗಿಡಗಳು. ಬಣ್ಣಬಣ್ಣದ ಹೂ ಬಿಡುವವು ಹೆಚ್ಚಾಗಿ ಇವೇ. ಎರಡಡಿ ಎತ್ತರದಲ್ಲೇ ಹೂ ಬಿಡುತ್ತವೆ, ನೋಡಲು ನಿಜಕ್ಕೂ ಚಂದ. ಆದರೆ ಮೂರು ವಿಷಯ ತಿಳಿದೇ ಕೊಳ್ಳಿ. ಬಣ್ಣ ಬಿಸಿಲಿನ ಮೇಲೆ ನಿಂತಿರುತ್ತದೆ. ಏಪ್ರಿಲ್‌ನಲ್ಲಿ ಗಾಢವಾಗಿದ್ದ ಹೂ ಮಳೆಗಾಲದ ಮೋಡದಡಿ ಪೇಲವವಾಗಿ ಬರಬಹುದು. ಕಸಿ ಕೂಡಿದ ಜಾಗ ಗಿಡದ ಸೂಕ್ಷ್ಮ ಭಾಗ. ಅಲ್ಲಿ ನೀರು ನಿಂತರೆ ಮೇಲಿನ ಭಾಗ ಕೊಳೆತು, ಕೆಳಗಿನ ಬೇರುಗಿಡ ಮಾತ್ರ ಉಳಿಯುತ್ತದೆ. ಕೂಡಿದ ಜಾಗದ ಕೆಳಗೆ ಚಿಗುರು ಬಂದರೆ ಆಗಾಗ ಕೈಯಿಂದ ಉಜ್ಜಿ ತೆಗೆಯಬೇಕು. ಬಿಟ್ಟರೆ ಅದೇ ಬೆಳೆದು ನೀವು ದುಡ್ಡು ಕೊಟ್ಟ ಬಣ್ಣವನ್ನು ಹಿಂದೆ ಹಾಕುತ್ತದೆ. ಇನ್ನು, ನೀಲಿ ಗೋಸಂಪಿಗೆ ಎಂದು ಫೋಟೋ ಹಾಕಿ ಬೀಜ ಮಾರುವವರಿದ್ದಾರೆ. ನೀಲಿ ಹೂ ಬಿಡುವ ಗೋಸಂಪಿಗೆಯೇ ಇಲ್ಲ. ಆ ದುಡ್ಡು ಉಳಿಸಿಕೊಳ್ಳಿ.

ಮೂರನೆಯದು ಪ್ಲುಮೇರಿಯಾ ಒಬ್ಟುಸಾ. ನರ್ಸರಿಯಲ್ಲಿ ಸಿಂಗಾಪುರ ವೈಟ್ ಎಂದು ಕೇಳಿದರೆ ಕೊಡುತ್ತಾರೆ. ಮೂಲ ಸಿಂಗಾಪುರವಲ್ಲ, ಕ್ಯೂಬಾ, ಬಹಾಮಾಸ್ ಕಡೆಯ ದ್ವೀಪಗಳು. ಎಲೆಯ ತುದಿ ದುಂಡಗೆ, ಬಣ್ಣ ಕಡುಹಸಿರು, ಎಣ್ಣೆ ಹಚ್ಚಿದಷ್ಟು ಹೊಳಪು. ಹೂ ಅಚ್ಚ ಬಿಳಿ, ನಡುವೆ ಚಿಕ್ಕದಾಗಿ ಹಳದಿ. ಹೆಚ್ಚುಕಡಿಮೆ ವರ್ಷವಿಡೀ ಎಲೆ ಇರುತ್ತದೆ. ಮನೆ ಎದುರು ಬೋಳು ಮರ ಬೇಡ ಎನ್ನುವವರಿಗೆ ಇದು ಸರಿ. ತುಕ್ಕುರೋಗವೂ ರುಬ್ರಾದಷ್ಟು ಕಾಡುವುದಿಲ್ಲ. ಗೆಲ್ಲು ಬೇರು ಬಿಡಲು ಮಾತ್ರ ನಿಧಾನ, ನಡುವೆ ಕೊಳೆಯುವ ಸಂಭವವೂ ಹೆಚ್ಚು. ಹಾಗಾಗಿ ಹೊಸಬರು ಇದರ ಗೆಲ್ಲು ತಂದು ಕಷ್ಟಪಡುವ ಬದಲು, ಚಟ್ಟಿಯಲ್ಲಿ ಬೇರು ಬಿಟ್ಟು ನಿಂತ ಗಿಡವನ್ನೇ ಕೊಳ್ಳುವುದು ಒಳ್ಳೆಯದು.

ನಾಲ್ಕನೆಯದು ಪ್ಲುಮೇರಿಯಾ ಪುಡಿಕಾ. ಪನಾಮಾ, ಕೊಲಂಬಿಯಾ, ವೆನೆಜುವೆಲಾ ಕಡೆಯದು. ಎಲೆ ನಾಗರಹೆಡೆಯ ಆಕಾರ, ಅದಕ್ಕೇ ನಾಗಚಂಪಾ ಎಂದು ಮಾರುತ್ತಾರೆ. ದೇವಸ್ಥಾನಗಳ ನಾಗಸಂಪಿಗೆ ಬೇರೆಯೇ ಮರ, ಕೊಳ್ಳುವಾಗ ಗಲಿಬಿಲಿ ಬೇಡ. ಪುಡಿಕಾ ಹೆಚ್ಚಾಗಿ 10 ಅಡಿಯ ಆಸುಪಾಸಿಗೆ ನಿಲ್ಲುತ್ತದೆ, ನೆಟ್ಟಗೆ ಪೊದೆಯಾಗಿ ಬೆಳೆಯುತ್ತದೆ. ವರ್ಷದ ಹೆಚ್ಚಿನ ತಿಂಗಳು ಗೊಂಚಲು ಗೊಂಚಲು ಬಿಳಿ ಹೂ. ಎಲೆ ಪೂರ್ತಿ ಉದುರುವುದು ಅಪರೂಪ, ತುಕ್ಕು ನಾನು ಕಂಡದ್ದು ತೀರಾ ಕಡಿಮೆ. ಆದರೆ ಪರಿಮಳ ಇಲ್ಲವೆನ್ನುವಷ್ಟು. ಗೋಸಂಪಿಗೆ ಎಂದರೆ ಪರಿಮಳ ಎಂದುಕೊಂಡವರಿಗೆ ಇದು ನಿರಾಸೆ ಮಾಡುತ್ತದೆ. ಕಾಸರಗೋಡು ಪೇಟೆಯ ಫ್ಲ್ಯಾಟಿನ ಬಾಲ್ಕನಿಯಲ್ಲೋ, ರಸ್ತೆ ಬದಿಯ ಸಣ್ಣ ಕಂಪೌಂಡಿನೊಳಗೋ ಹೂವಿನ ಸಾಲು ಬೇಕೆನ್ನುವವರಿಗೆ ಇದಕ್ಕಿಂತ ಸುಲಭದ್ದು ಇಲ್ಲ.

ನಾನು ಹೇಳುವುದಾದರೆ, ಮೊದಲ ಗಿಡ ಊರಿನ ಬಿಳಿ ಗೋಸಂಪಿಗೆ. ಜಾಗ ಕಡಿಮೆಯಿದ್ದರೆ ಪುಡಿಕಾ. ಥಾಯ್ ಕಸಿಗೆ ಕೈಹಾಕುವುದು, ಒಂದು ಗಿಡವನ್ನಾದರೂ ಒಂದು ಮಳೆಗಾಲ ದಾಟಿಸಿದ ಮೇಲೆ.

ಗೆಲ್ಲು, ಕಸಿ, ಬೀಜ

ಬೀಜದ ಮಾತು ಬೇಗ ಮುಗಿಸುತ್ತೇನೆ. ಕೊಂಬಿನ ಹಾಗೆ ಜೋಡಿ ಕಾಯಿ ಬಿಡುತ್ತದೆ, ಬಲಿಯಲು ಎಂಟೊಂಬತ್ತು ತಿಂಗಳು ಬೇಕು, ಒಳಗೆ ರೆಕ್ಕೆ ಇರುವ ಬೀಜ. ಒಂದೆರಡು ವಾರದಲ್ಲಿ ಮೊಳೆಯುತ್ತದೆ. ಹೂ ಬರಲು ಎರಡು ಮೂರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಬರುವ ಹೂ ತಾಯಿಮರದ ಹಾಗೇ ಇರುತ್ತದೆಂಬ ಖಾತ್ರಿಯೂ ಇಲ್ಲ. ಹೊಸ ಬಣ್ಣ ಹುಟ್ಟಿಸುವ ಹವ್ಯಾಸ ಇದ್ದವರಿಗೆ ಚಂದ, ಮೊದಲ ಗಿಡಕ್ಕೆ ಬೇಡ.

ಕಸಿಯ ಬಗ್ಗೆ ಮೇಲೆಯೇ ಹೇಳಿದೆ. ಬೇಕಾದ ಬಣ್ಣ ಖಾತ್ರಿಯಾಗಿ ಬೇಕಿದ್ದರೆ ಮಾತ್ರ ಅದಕ್ಕೆ ದುಡ್ಡು ಹಾಕಿ.

ಉಳಿದದ್ದು ಗೆಲ್ಲು. ಖರ್ಚಿಲ್ಲ. ಬಲಿತ ಗೆಲ್ಲಾದರೆ ಮೊದಲ ವರ್ಷವೋ ಎರಡನೇ ವರ್ಷವೋ ಹೂ. ಗೋಸಂಪಿಗೆ ಕಲಿಯಲು ಇದೇ ಸರಿಯಾದ ದಾರಿ.

ಕಡಿಯುವ ಕಾಲ ಮುಖ್ಯ. ಮಕರ, ಕುಂಭ, ಮೀನ ಈ ಮೂರು ತಿಂಗಳು, ಅಂದರೆ ಜನವರಿ ನಡುವಿನಿಂದ ಏಪ್ರಿಲ್ ನಡುವಿನವರೆಗೆ. ಮರ ಎಲೆ ಉದುರಿಸಿ ನಿಂತಿರುತ್ತದೆ, ಹವೆ ಒಣಗಿರುತ್ತದೆ. ಕುಂಭದಲ್ಲಿ ನೆಟ್ಟ ಗೆಲ್ಲು ಪತ್ತನಾಜೆಯ, ಅಂದರೆ ಮೇ ಕೊನೆಯ ಹೊತ್ತಿಗೆ ಬೇರು ಹಿಡಿದಿರುತ್ತದೆ. ಆಮೇಲೆ ಮಳೆ ಬಂದರೆ ಅದು ತಾಳುತ್ತದೆ. ನಮ್ಮಲ್ಲಿ ಗೆಲ್ಲು ನೆಡುವುದೆಂದರೆ ಮಳೆ ಶುರುವಾದ ಮೇಲೆ ಎಂಬ ಅಭ್ಯಾಸ. ದಾಸವಾಳಕ್ಕೂ ಕ್ರೋಟನ್‌ಗೂ ಅದು ಸರಿ. ಗೋಸಂಪಿಗೆಗೆ ಅದೇ ಮುಳುವು.

ಹೆಬ್ಬೆರಳಿನಷ್ಟು ಅಥವಾ ಅದಕ್ಕಿಂತ ದಪ್ಪದ, ಸಿಪ್ಪೆ ಬೂದಿಬಣ್ಣಕ್ಕೆ ತಿರುಗಿದ ಗೆಲ್ಲು ನೋಡಿ. ಹಸಿರಾಗಿರುವುದು ಎಳತು, ಬೇಗ ಕೊಳೆಯುತ್ತದೆ. ಉದ್ದ ಒಂದರಿಂದ ಒಂದೂವರೆ ಅಡಿ ಸಾಕು. ಹರಿತ ಕತ್ತಿಯಲ್ಲಿ ಒಂದೇ ಏಟಿಗೆ ಕಡಿಯಿರಿ. ಬಿಳಿ ಹಾಲು ತೊಟ್ಟಿಕ್ಕಲು ಶುರುವಾಗುತ್ತದೆ. ಎಲೆ ಇದ್ದರೆ ತೆಗೆದು, ಮಳೆ ನೀರು ತಾಗದ ನೆರಳಿನಲ್ಲಿ ಅಡ್ಡ ಇಡಿ. ಜಗಲಿಯ ಮೂಲೆ ಸಾಕು. ಒಂದೆರಡು ವಾರದಲ್ಲಿ ಕಡಿದ ಜಾಗ ಒಣಗಿ, ಬೆರಳಲ್ಲಿ ಒತ್ತಿದರೆ ತೊಗಲಿನಷ್ಟು ಗಟ್ಟಿಯಾಗುತ್ತದೆ. ಹಾಲು ಒಸರುವುದು ನಿಂತಿರುತ್ತದೆ. ನೆಡುವುದು ಆಗ, ಅದಕ್ಕೆ ಮೊದಲು ಬೇಡ. ಹಸಿ ಗಾಯವನ್ನು ಒದ್ದೆ ಮಣ್ಣಿಗೆ ಹಾಕಿದರೆ ಕೊಳೆಸುವ ಶಿಲೀಂಧ್ರಕ್ಕೆ ಬಾಗಿಲು ತೆರೆದ ಹಾಗೆ.

ಮೂರು ನಾಲ್ಕು ಇಂಚು ಆಳಕ್ಕೆ ನೆಟ್ಟು, ಅಲುಗಾಡದ ಹಾಗೆ ಒಂದು ಕೋಲಿಗೆ ಕಟ್ಟಿ. ನೆಟ್ಟ ದಿನ ಒಮ್ಮೆ ನೀರು, ಆಮೇಲೆ ಮಣ್ಣು ಒಣಗಿದ ಮೇಲೆ ಸ್ವಲ್ಪ ಮಾತ್ರ. ಕೆಲವು ದಿನಗಳಲ್ಲಿ ತುದಿಯಲ್ಲಿ ಎರಡು ಮೂರು ಎಲೆ ಕಾಣಿಸಿಕೊಳ್ಳಬಹುದು. ಬೇರು ಬಂತೆಂದು ಸಂತೋಷಪಟ್ಟು ಕೊಡಪಾನ ಎತ್ತಬೇಡಿ. ಆ ಎಲೆ ಗೆಲ್ಲಿನೊಳಗಿನ ದಾಸ್ತಾನಿನಿಂದ ಬಂದದ್ದು. ಬೇರಿಗೆ ಆರರಿಂದ ಎಂಟು ವಾರ ಹಿಡಿಯುತ್ತದೆ. ಎಲೆಗಳು ಪೂರ್ತಿ ಬಿಚ್ಚಿ, ಅಗಲವಾಗಿ, ಹೊಸದು ಒಂದರ ಹಿಂದೆ ಒಂದು ಬರುತ್ತಿದ್ದರೆ ಬೇರು ಹಿಡಿದಿದೆ ಎಂದುಕೊಳ್ಳಿ. ಎಳೆದು ನೋಡುವ ಆಸೆ ಬೇಡ. ಹೊಸ ಬೇರು ತುಂಬ ಸೂಕ್ಷ್ಮ, ಪಟಕ್ಕನೆ ಮುರಿಯುತ್ತದೆ.

ಗೆಲ್ಲಿನ ಸಿಪ್ಪೆ ಸುಕ್ಕುಗಟ್ಟಿದರೆ ಚಿಂತೆಯಿಲ್ಲ, ನೀರು ಸ್ವಲ್ಪ ಕಡಿಮೆಯಾಗಿದೆ ಅಷ್ಟೆ. ಬುಡ ಒತ್ತಿದಾಗ ಮೆತ್ತಗಾಗಿ ಒಳಗೆ ಹೋದರೆ ಕೊಳೆ ಶುರುವಾಗಿದೆ. ಕೂಡಲೇ ಕಿತ್ತು, ಒಳಗೆ ಅಚ್ಚಬಿಳಿ ಕಾಣುವವರೆಗೆ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಕಡಿಯುತ್ತಾ ಹೋಗಿ. ಕಂದು ಚುಕ್ಕೆ ಒಂದೂ ಉಳಿಯಬಾರದು. ಪ್ರತಿ ಸಲ ಕತ್ತಿ ಒರೆಸಿಕೊಳ್ಳಿ. ಮತ್ತೆ ಒಣಗಿಸಿ ನೆಟ್ಟರೆ ಎಷ್ಟೋ ಸಲ ಬದುಕುತ್ತದೆ.

ಜೂನ್ ತಿಂಗಳ ಗಾಳಿಗೆ ಮರದ ಗೆಲ್ಲು ಮುರಿದು ಬಿದ್ದರೆ? ಎಸೆಯಬೇಡಿ, ನೆಡಲೂ ಬೇಡಿ. ಒಣಗಿಸಿ ಉಪ್ಪರಿಗೆಯಲ್ಲೋ ಕಟ್ಟಿಗೆ ಇಡುವ ಕೊಟ್ಟಿಗೆಯಲ್ಲೋ ಗಾಳಿಯಾಡುವ ಹಾಗೆ ಇಡಿ. ಎರಡು ತಿಂಗಳಾದರೂ ಅದಕ್ಕೆ ಜೀವ ಇರುತ್ತದೆ. ಮಳೆ ಬಿಡುವು ಕೊಟ್ಟ ಮೇಲೆ ಮಾಡಿನಡಿ ಚಟ್ಟಿಯಲ್ಲಿ ನೆಡಬಹುದು.

ನೆಲವೋ, ಚಟ್ಟಿಯೋ?

ಕಾಸರಗೋಡಿನಲ್ಲಿ ಇದಕ್ಕೆ ಒಂದೇ ಉತ್ತರ ಇಲ್ಲ. ಕಡಲ ಬದಿಯ ಹೊಯ್ಗೆ (ಮರಳು), ನಡುವಿನ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗುಡ್ಡೆ, ತಗ್ಗಿನ ಅಡಿಕೆ ತೋಟ, ಮೂರೂ ಬೇರೆ ಬೇರೆ.

ಕಡಲ ಬದಿಯವರು ಅದೃಷ್ಟವಂತರು. ಮಂಜೇಶ್ವರದಿಂದ ಬೇಕಲದವರೆಗಿನ ಹೊಯ್ಗೆ ನೆಲದಲ್ಲಿ ನೀರು ನಿಲ್ಲುವುದೇ ಇಲ್ಲ. ಉಪ್ಪುಗಾಳಿಯನ್ನೂ ಗೋಸಂಪಿಗೆ ತಾಳಿಕೊಳ್ಳುತ್ತದೆ. ಧೈರ್ಯವಾಗಿ ನೆಲದಲ್ಲಿ ನೆಡಿ, ಹಟ್ಟಿಗೊಬ್ಬರ ಸ್ವಲ್ಪ ಜಾಸ್ತಿ ಕೊಡಿ.

ಗುಡ್ಡೆಯಲ್ಲಿ ಮನೆ ಇದ್ದವರು ಎಚ್ಚರ ವಹಿಸಬೇಕಾದ್ದು ಗುಂಡಿಯ ವಿಷಯದಲ್ಲಿ. ಗಟ್ಟಿ ಮುರಕಲ್ಲಿನಲ್ಲಿ ಪಿಕ್ಕಾಸಿನಿಂದ ಗುಂಡಿ ತೋಡಿ, ಒಳ್ಳೆ ಮಣ್ಣು ತುಂಬಿ, ಗಿಡ ನೆಡುತ್ತೇವೆ. ಸುತ್ತ ಕಲ್ಲು ಗಟ್ಟಿ, ಒಳಗೆ ಮಣ್ಣು ಸಡಿಲ. ಮಳೆ ಬಂದರೆ ಸುತ್ತಲಿನ ನೀರೆಲ್ಲ ಅಲ್ಲಿಗೇ ಇಳಿದು ನಿಲ್ಲುತ್ತದೆ. ನೆಡುವ ಮೊದಲು ಗುಂಡಿಗೆ ಒಂದು ಬಕೆಟ್ ನೀರು ಹೊಯ್ದು ನೋಡಿ. ಒಂದು ಗಂಟೆಯೊಳಗೆ ಇಂಗಿದರೆ ಸರಿ. ಇಂಗದಿದ್ದರೆ ಗುಂಡಿಯ ಯೋಚನೆ ಬಿಟ್ಟು, ನೆಲದ ಮೇಲೆಯೇ ಮುರಕಲ್ಲು ಜೋಡಿಸಿ ಒಂದೂವರೆ ಅಡಿ ಎತ್ತರದ ಕಟ್ಟೆ ಕಟ್ಟಿ, ಅದರೊಳಗೆ ನೆಡಿ. ಕಲ್ಲಿನ ಸಂದಿಗೆ ಸಿಮೆಂಟು ಹಾಕಬೇಡಿ, ನೀರು ಹೊರಗೆ ಹೋಗಲು ಅದೇ ದಾರಿ.

ಅಡಿಕೆ ತೋಟದೊಳಗೆ ಬೇಡ. ನೆರಳು, ಬೇಸಗೆಯಿಡೀ ನೀರಾವರಿ, ಮಳೆಗಾಲದಲ್ಲಿ ತಂಪು. ಅಡಿಕೆಗೆ ಹಿತವಾದದ್ದು ಇದಕ್ಕೆ ಹಿತವಲ್ಲ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳದ ಕಡೆ ಎಲೆ ಬರುತ್ತದೆ, ಹೂ ಬರುವುದಿಲ್ಲ.

ಹಾಲು ಬರುವ ಮರ ಮನೆ ಎದುರು ಬೇಡ ಎನ್ನುವ ಹಿರಿಯರು ಈಗಲೂ ಇದ್ದಾರೆ. ಅವರ ಮಾತಿಗೆ ಬೆಲೆ ಕೊಟ್ಟು ಅಂಗಳದ ಬದಿಗೆ ನೆಟ್ಟರೆ ನಷ್ಟವೇನೂ ಇಲ್ಲ. ಈ ಮರದ ಬೇರು ಗೋಡೆ ಒಡೆಯುವಂಥದ್ದಲ್ಲ. ಆದರೆ ಗೆಲ್ಲು ಬಹಳ ಪೆಡಸು, ಗಾಳಿಗೆ ಬೇಗ ಮುರಿಯುತ್ತದೆ. ಮಾಡಿನ ಹಂಚು, ಕರೆಂಟಿನ ವಯರು, ಕಾರು ನಿಲ್ಲಿಸುವ ಜಾಗ ಇವುಗಳಿಂದ 10-12 ಅಡಿ ದೂರ ಇರಲಿ.

ಚಟ್ಟಿಯ ದೊಡ್ಡ ಅನುಕೂಲ, ಮಳೆ ಬಂದಾಗ ಎತ್ತಿ ಒಳಗಿಡಬಹುದು. ಥಾಯ್ ಕಸಿ ತಂದವರು ಮೊದಲ ಎರಡು ಮಳೆಗಾಲ ಚಟ್ಟಿಯಲ್ಲೇ ಇಡುವುದು ಕ್ಷೇಮ. ಮಣ್ಣಿನ ಚಟ್ಟಿ, ಪ್ಲಾಸ್ಟಿಕ್, ಸಿಮೆಂಟು ಮೂರರಲ್ಲಿ ನನ್ನ ಒಲವು ಮಣ್ಣಿನ ಚಟ್ಟಿಗೆ. ಅದರ ಮೈಯಿಂದಲೂ ತೇವ ಆರಿಹೋಗುತ್ತದೆ, ನಮ್ಮ ಹವೆಗೆ ಬೇಕಾದ್ದು ಅದೇ. ಬೇಸಗೆಯಲ್ಲಿ ಬೇಗ ಒಣಗುತ್ತದೆಂಬ ದೂರು ಬೇರೆ ಗಿಡಗಳಿಗೆ ಸರಿ, ಗೋಸಂಪಿಗೆಗೆ ಅದು ತೊಂದರೆಯೇ ಅಲ್ಲ. ಎತ್ತಿ ಸಾಗಿಸಲು ಆಗದವರಿಗೆ ಪ್ಲಾಸ್ಟಿಕ್ ಹಗುರ. ಆದರೆ ಅಡಿಯಲ್ಲಿ ಇರುವ ಒಂದೆರಡು ಒಟ್ಟೆ ಸಾಲದು, ಕಾದ ಕಬ್ಬಿಣದಿಂದ ಇನ್ನೂ ನಾಲ್ಕೈದು ಮಾಡಿ. ಸಿಮೆಂಟು ಚಟ್ಟಿ ಒಮ್ಮೆ ಇಟ್ಟಲ್ಲಿಂದ ಅಲುಗುವುದಿಲ್ಲ. ತಾರಸಿಯ ಮೇಲೆ ಖಾಯಂ ಇಡುವುದಾದರೆ ಮಾತ್ರ. 10-12 ಇಂಚಿನ ಚಟ್ಟಿಯಿಂದ ಶುರುಮಾಡಿ. ಸಣ್ಣ ಗಿಡಕ್ಕೆ ತೀರಾ ದೊಡ್ಡ ಚಟ್ಟಿ ಕೊಟ್ಟರೆ, ಬೇರು ತಲುಪದ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ. ಚಟ್ಟಿಯ ಅಡಿಗೆ ತಟ್ಟೆ ಇಡಲೇಬೇಡಿ. ಎರಡು ಕಲ್ಲಿನ ಮೇಲೆ ಎತ್ತಿ ಇಡಿ.

ಮಣ್ಣು, ಗೊಬ್ಬರ

ತೆಂಗಿನ ನಾರಿನ ಹುಡಿ ನಮ್ಮಲ್ಲಿ ಧಾರಾಳ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರು ಕಾಸರಗೋಡು, ಈಗಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅದರ ಮುಂದುವರಿಕೆ. ನಾರಿನ ಹುಡಿಯನ್ನು ಗೊಬ್ಬರ ಮಾಡುವುದು ಇಲ್ಲಿ ಹೆಚ್ಚಿನವರಿಗೆ ಗೊತ್ತು. ಆದರೆ ಗೋಸಂಪಿಗೆಯ ಚಟ್ಟಿಗೆ ಅದು ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಆಟಿಯಲ್ಲಿ ಅದೇ ತೊಂದರೆ. ಹಸಿ ಹುಡಿಯಾದರೆ ಉಪ್ಪು, ಕಂದು ಒಗರು ಹೋಗುವವರೆಗೆ ಎರಡು ಮೂರು ನೀರಿನಲ್ಲಿ ತೊಳೆಯಲೂ ಬೇಕು.

ನಾನು ಬಳಸುವುದು ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದೊರಗು ಹೊಯ್ಗೆ, ಒಂದು ಪಾಲು ಹಳೆಯ ಹಟ್ಟಿಗೊಬ್ಬರ, ಜೊತೆಗೆ ಹುಣಸೆಬೀಜದ ಗಾತ್ರದ ಮುರಕಲ್ಲಿನ ಚೂರು ಒಂದು ಪಾಲು. ಚೂರುಗಳನ್ನು ಅಡಿಯಲ್ಲಿ ಹಾಸಬೇಡಿ. ಅಡಿಯಲ್ಲಿ ಕಲ್ಲು ಹಾಸಿದರೆ ನೀರು ಅದರ ಮೇಲಿನ ಮಣ್ಣಿನಲ್ಲೇ ತಡೆದು ನಿಲ್ಲುತ್ತದೆ. ಮಣ್ಣಿನಿಡೀ ಬೆರೆತಿರಬೇಕು. ಕಡಲ ಹೊಯ್ಗೆಯನ್ನು ಉಪ್ಪು ತೊಳೆಯದೆ ತಂದು ಹಾಕಬೇಡಿ.

ಹಟ್ಟಿಗೊಬ್ಬರ, ಸುಡುಮಣ್ಣು, ಎಲುಬಿನ ಹುಡಿ ಇವೆಲ್ಲ ಒಳ್ಳೆಯದೇ. ಬೇಡವಾದದ್ದು ಯೂರಿಯಾ ಮತ್ತು ಹಸಿ ಸೆಗಣಿ ನೀರು. ಸಾರಜನಕ ಜಾಸ್ತಿಯಾದರೆ ಗೆಲ್ಲು ಸಪೂರವಾಗಿ ಉದ್ದ ಹೋಗುತ್ತದೆ, ಹೂ ಕಡಿಮೆ. ಮಳೆಗೆ ಮೊದಲು ಏಪ್ರಿಲ್-ಮೇಯಲ್ಲಿ ಒಮ್ಮೆ, ಮಳೆ ಇಳಿದ ಮೇಲೆ ಸೆಪ್ಟೆಂಬರ್‌ನಲ್ಲಿ ಒಮ್ಮೆ ಕೊಟ್ಟರೆ ಸಾಕು. ನಿದ್ದೆಯ ತಿಂಗಳುಗಳಲ್ಲಿ ಏನೂ ಬೇಡ.

ನೀರು, ಎಲೆ ಇರುವ ಬೇಸಗೆಯಲ್ಲಿ ಚಟ್ಟಿಗೆ ಎರಡು ಮೂರು ದಿನಕ್ಕೊಮ್ಮೆ. ಬೋಳಾಗಿರುವಾಗ 10-15 ದಿನಕ್ಕೊಮ್ಮೆ ಒಂದು ಚೊಂಬು. ನೆಲದ ಮರಕ್ಕೆ ಎರಡು ವರ್ಷ ಕಳೆದ ಮೇಲೆ ನೀರೇ ಬೇಡ.

ಗೆಲ್ಲು ಸವರುವುದು ಹೂ ಮುಗಿದ ಮೇಲೆಯೇ. ಹೂ ಬರುವುದು ಗೆಲ್ಲಿನ ತುದಿಯಲ್ಲಿ. ಹೂ ಬಿಟ್ಟ ತುದಿಯಿಂದಲೇ ಮುಂದೆ ಎರಡು ಮೂರು ಕವಲು ಒಡೆಯುತ್ತವೆ. ಫೆಬ್ರವರಿಯಲ್ಲಿ ಚಂದ ಮಾಡಲೆಂದು ಎಲ್ಲ ತುದಿ ಕಡಿದರೆ ಆ ವರ್ಷದ ಹೂವನ್ನೇ ಕಡಿದಂತಾಯಿತು, ಅಲ್ವಾ? ನೆಡಲು ಬೇಕಾದ ಒಂದೆರಡು ಗೆಲ್ಲು ತೆಗೆದರೆ ತೊಂದರೆಯಿಲ್ಲ.

ತುಕ್ಕು ಮತ್ತು ಕೊಳೆ: ಹೆದರಬೇಕಾದ್ದು ಯಾವುದಕ್ಕೆ?

ಆಗಸ್ಟ್ ಹೊತ್ತಿಗೆ ಎಲೆಯ ಮೇಲ್ಮೈಯಲ್ಲಿ ಹಳದಿ ಚುಕ್ಕೆಗಳು ಕಾಣುತ್ತವೆ. ಎಲೆ ಮಗುಚಿ ನೋಡಿ. ಅಡಿಯಲ್ಲಿ ಕಿತ್ತಳೆ ಬಣ್ಣದ ಹುಡಿ, ಬೆರಳು ಸವರಿದರೆ ಅರಸಿನದ ಹಾಗೆ ಅಂಟುತ್ತದೆ. ಇದು ತುಕ್ಕುರೋಗ, ಒಂದು ಶಿಲೀಂಧ್ರ. ನೋಡಿದವರಿಗೆ ಗಾಬರಿಯಾಗುತ್ತದೆ, ಎಲೆ ಉದುರಿ ಗಿಡ ಬೋಳಾಗುತ್ತದೆ. ಆದರೆ ಇದು ಎಲೆಗೆ ಮಾತ್ರ ಬರುವ ರೋಗ, ಮರ ಸಾಯುವುದಿಲ್ಲ. ಬಿದ್ದ ಎಲೆಗಳನ್ನು ಒಟ್ಟುಮಾಡಿ ಸುಟ್ಟುಬಿಡಿ, ಗೊಬ್ಬರಗುಂಡಿಗೆ ಹಾಕಬೇಡಿ. ಗಿಡಗಳ ನಡುವೆ ಗಾಳಿ ಆಡುವಷ್ಟು ಅಂತರ ಇರಲಿ.

ಮದ್ದು ಬೇಕೇಬೇಕೆಂದರೆ ನಮ್ಮ ಅಡಿಕೆ ಬೆಳೆಗಾರರ ಮನೆಯಲ್ಲೇ ಇದೆ. ಕೊಳೆರೋಗಕ್ಕೆ ಮಳೆಗೆ ಮೊದಲು ಅಡಿಕೆಗೆ ಮದ್ದು ಬಿಡುತ್ತೇವಲ್ಲ, ಅದೇ ಒಂದು ಶೇಕಡಾ ಬೋರ್ಡೋ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮದ್ದು ಬಿಡುವ ದಿನ ಅಂಗಳದ ಗೋಸಂಪಿಗೆಗೂ ಒಂದು ಸುತ್ತು ಹೊಡೆಸಿ, ಎಲೆಯ ಅಡಿಭಾಗಕ್ಕೆ ಬೀಳಬೇಕು. ಇದು ತಡೆಯುವ ಮದ್ದು, ಬಂದ ಚುಕ್ಕೆಯನ್ನು ಅಳಿಸುವುದಿಲ್ಲ. ಕಲಸಿದ ದಿನವೇ ಬಳಸಿ ಮುಗಿಸಬೇಕು.

ನಿಜವಾಗಿ ಹೆದರಬೇಕಾದ್ದು ಗೆಲ್ಲಿನ ಕೊಳೆಗೆ. ತುದಿ ಕಪ್ಪಾಗಿ ಮೆತ್ತಗಾದರೆ ಅಥವಾ ಬುಡದಲ್ಲಿ ತೊಗಟೆ ಒತ್ತಿದಾಗ ನೀರು ಒಸರಿದರೆ ಅದೇ ದಿನ ಕಡಿಯಬೇಕು. ಬಿಳಿ ತಿರುಳು ಕಾಣುವವರೆಗೆ ಕಡಿದು, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಮೈಲುತುತ್ತು ಮತ್ತು ಸುಣ್ಣ ತಲಾ 1 ಕಿಲೋಗೆ 10 ಲೀಟರ್ ನೀರಿನ ಲೆಕ್ಕ, ಒಂದು ಮರಕ್ಕೆ ಅದರಲ್ಲಿ ಒಂದು ಚಿಟಿಕೆ ಪಾಲು ಸಾಕು. ಚಟ್ಟಿಯ ಗಿಡವಾದರೆ ಮಳೆ ಬೀಳದ ಕಡೆಗೆ ಒಯ್ಯಿರಿ. ಹಿಟ್ಟುತಿಗಣೆ ಬಂದರೆ ಸೋಪು ನೀರಿನಿಂದ ತೊಳೆದರೆ ಹೋಗುತ್ತದೆ.

ಹಾಲಿನ ವಿಷಯ

2024ರ ಮೇ ತಿಂಗಳಲ್ಲಿ ಕೇರಳದ ದೇವಸ್ವಂ ಮಂಡಳಿಗಳು ನೈವೇದ್ಯ, ಪ್ರಸಾದಗಳಲ್ಲಿ ಅರಳಿ ಹೂ ಬೇಡ ಎಂದು ತೀರ್ಮಾನಿಸಿದ ಮೇಲೆ ಎಷ್ಟೋ ಮಂದಿ ಗೋಸಂಪಿಗೆಯ ಬಗ್ಗೆಯೂ ಕೇಳುತ್ತಿದ್ದಾರೆ. ಮಲಯಾಳದ ಅರಳಿ ಎಂದರೆ ನಮ್ಮ ಕಣಗಿಲೆ. ಅದರ ಎಲೆ, ಹೂ, ಕಡ್ಡಿ ಎಲ್ಲವೂ ಘೋರ ವಿಷ. ಗೋಸಂಪಿಗೆ ಅದೇ ಕುಟುಂಬದ್ದು, ನಂದಿಬಟ್ಟಲು ಕೂಡ. ಗೋಸಂಪಿಗೆ ಕಣಗಿಲೆಯಷ್ಟು ಅಪಾಯದ್ದಲ್ಲ. ಆದರೂ ಅದರ ಹಾಲು ಚರ್ಮಕ್ಕೆ ತುರಿಕೆ ತರಬಹುದು, ಕಣ್ಣಿಗೆ ಬಿದ್ದರೆ ತುಂಬ ಉರಿ. ಗೆಲ್ಲು ಕಡಿಯುವಾಗ ಕೈಗವಸು ಹಾಕಿ, ಮಕ್ಕಳನ್ನು ದೂರ ನಿಲ್ಲಿಸಿ. ಕಡಿದ ಗೆಲ್ಲನ್ನು ದನ ಬರುವಲ್ಲಿ ಬಿಡಬೇಡಿ. ಹೂ ದೇವರಿಗೆ ಏರಿಸಿ, ಮುಡಿಯಿರಿ. ಬಾಯಿಗೆ ಹಾಕುವುದು ಬೇಡ.

ಗಡಿಯ ಬೇರೆ ಕಡೆಯವರಿಗೆ

ಮಹಾರಾಷ್ಟ್ರದ ಅಕ್ಕಲಕೋಟೆಯವರೋ ಆಂಧ್ರದ ಮಡಕಶಿರಾದವರೋ ಇದನ್ನು ಓದುತ್ತಿದ್ದರೆ ಮೇಲಿನ ಅರ್ಧ ಎಚ್ಚರಿಕೆ ನಿಮಗೆ ಬೇಡ. ಸೊಲ್ಲಾಪುರ, ಅನಂತಪುರ ಸೀಮೆಯ ಮಳೆ 500-600 ಮಿಲಿಮೀಟರ್ ಆಸುಪಾಸು, ಇಲ್ಲಿನದರ ಆರನೇ ಒಂದು ಪಾಲು. ನೀವು ನೇರ ನೆಲದಲ್ಲಿ ನೆಡಬಹುದು, ಥಾಯ್ ಕಸಿಯೂ ಸುಲಭ. ನಾರಿನ ಹುಡಿ ನಿಮ್ಮಲ್ಲಿ ಉಪಕಾರಿಯೇ. ಕಪ್ಪುಮಣ್ಣಿನ ಹೊಲದಂಚಾದರೆ ಮಾತ್ರ ಜಾಗ್ರತೆ. ಆ ಮಣ್ಣು ಒಮ್ಮೆ ನೆನೆದರೆ ಬಿಡುವುದಿಲ್ಲ, ಅಲ್ಲಿಯೂ ಕಟ್ಟೆಯೇ ಸರಿ.

ಕೊಳ್ಳುವ ಕಾಲ ಎರಡು ಕಡೆಗೂ ಬೇರೆ ಬೇರೆ. ಒಣ ಸೀಮೆಯವರು ಜೂನ್‌ನಲ್ಲಿ ಕೊಂಡು ಮಳೆಯ ಜೊತೆಗೇ ನೆಡಬಹುದು. ಕಾಸರಗೋಡಿನವರು ನವೆಂಬರ್ ಕೊನೆಗೆ, ತುಲಾ ತಿಂಗಳ ಗುಡುಗುಮಳೆ ಮುಗಿದ ಮೇಲೆ ಕೊಳ್ಳಿ. ಆಗ ಎಲೆಯ ಅಡಿಯಲ್ಲಿ ತುಕ್ಕು ಇದೆಯಾ, ಬುಡ ಗಟ್ಟಿ ಇದೆಯಾ, ಕಸಿಯ ಜಾಗ ಒಣಗಿ ಕೂಡಿದೆಯಾ ಎಲ್ಲ ಕಣ್ಣಿಗೆ ಕಾಣುತ್ತದೆ. ಆ ಮಳೆಗಾಲವನ್ನು ಇಲ್ಲಿನ ನರ್ಸರಿಯಲ್ಲೇ ಕಳೆದ ಗಿಡ ಸಿಕ್ಕರೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟಾದರೂ ಅದನ್ನೇ ತನ್ನಿ. ಆಸೆ ತಡೆಯದೆ ಜೂನ್‌ನಲ್ಲೇ ತಂದಿದ್ದರೆ, ನರ್ಸರಿಯ ಪ್ಲಾಸ್ಟಿಕ್ ಚೀಲವನ್ನೂ ಬಿಡಿಸದೆ, ಮಾಡಿನ ನೀರು ಸಿಡಿಯದ ಬೆಳಕಿನ ಜಗಲಿಯಲ್ಲಿಡಿ. ಚೀಲದ ಮಣ್ಣು ಎರಡು ಇಂಚು ಆಳಕ್ಕೆ ಒಣಗಿದ ಮೇಲೆ ಒಂದು ಲೋಟ ನೀರು, ನೆಡುವುದು ಡಿಸೆಂಬರಿನಲ್ಲಿ.